ಐಪಿ ನಂಬರ್ ಸಿಕ್ಕಿತು, ಮನುಷ್ಯ ಸಿಕ್ಕನೇ?

ಭತ್ತದ ಕೊಯ್ಲು ನಡೆದಿದ್ದ ದಿನಗಳು. ಗಂಗಾವತಿಯ ಒಂದು ಶಿಕ್ಷಣ ಸಂಸ್ಥೆಯವರು ನನ್ನನ್ನು ಕರೆಸಿದರು. ಅಂಗಡಿ, ರೈಸ್ ಮಿಲ್ಲು, ಶಾಲೆಗಳಿಗೆ ನೆಟ್‌ವರ್ಕ್ ಹಾಕಿಕೊಡುವುದು, ಕೆಟ್ಟರೆ ಸರಿಮಾಡುವುದು ನನ್ನ ಕೆಲಸ. ವೈಫೈ ಕೆಟ್ಟಿರಬೇಕು ಎಂದುಕೊಂಡು ಹೋದೆ. ಟೇಬಲ್ ಮೇಲೆ ಎರಡು ಕಾಗದ ಇಟ್ಟಿದ್ದರು. ಒಂದು, ಆಡಳಿತ ಮಂಡಳಿಗೆ ಬಂದಿದ್ದ ಇ-ಮೇಲ್‌ನ ಪ್ರಿಂಟ್. ಕಟ್ಟಡದ ಲೆಕ್ಕದಲ್ಲಿ ದುಡ್ಡು ತಿಂದಿದ್ದಾರೆ ಎಂಬ ಆರೋಪ, ಕೆಳಗೆ ‘ಹಿತೈಷಿ’ ಎಂದಷ್ಟೇ ಸಹಿ. ಇನ್ನೊಂದು, ಆ ಮೇಲ್‌ನ ಐಪಿಯನ್ನು (ಇಂಟರ್ನೆಟ್ ಸಂಪರ್ಕಕ್ಕೆ ಇರುವ ಅಂಕಿಯ ವಿಳಾಸ) ಹಾಕಿ ಯಾವುದೋ ವೆಬ್‌ಸೈಟಿನಿಂದ ತೆಗೆದ ನಕಾಶೆ. ಅದರಲ್ಲಿ ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂ ಎಂಬ ಊರಿನ ಮೇಲೆ ಕೆಂಪು ಗುರುತು.

“ಐಪಿ ಸಿಕ್ಕೈತ್ರಿ. ಅಮೆರಿಕದಿಂದ ಬಂದೈತಿ,” ಎಂದರು ಕಾರ್ಯದರ್ಶಿ. “ನೀವೊಮ್ಮೆ ನೋಡಿ ಹೌದು ಅಂದ್ಬಿಡ್ರಿ, ಮುಂದಿಂದು ನಾವು ನೋಡ್ಕೊಂತೀವಿ.”

ಮುಂದಿನದು ಆಗಲೇ ಶುರುವಾಗಿತ್ತು. ಆ ಸಂಸ್ಥೆಯಲ್ಲಿ ಮೂವತ್ತು ವರ್ಷ ಪಾಠ ಮಾಡಿ ನಿವೃತ್ತರಾದ ಒಬ್ಬ ಮಾಸ್ತರು ಬಾಕಿ ಹಣಕ್ಕಾಗಿ ಆಡಳಿತದವರ ಜೊತೆ ಜಗಳವಾಡಿದ್ದರು. ಅವರ ಮಗ ಕ್ಯಾಲಿಫೋರ್ನಿಯಾದಲ್ಲಿ ಕೆಲಸಕ್ಕಿದ್ದಾನೆ. ನಕಾಶೆಯ ಗುರುತು, ಮಗನ ಊರು, ಹಳೆಯ ಜಗಳ ಮೂರನ್ನೂ ಸೇರಿಸಿ ಜನ ತೀರ್ಪು ಕೊಟ್ಟಾಗಿತ್ತು. ಚಹಾದ ಅಂಗಡಿಯಲ್ಲಿ ಮಾಸ್ತರಿಗೆ ನಮಸ್ಕಾರ ಹೇಳುತ್ತಿದ್ದವರು ಮುಖ ತಿರುಗಿಸತೊಡಗಿದ್ದರು.

ನಾನು ನಂಬರ್ ನೋಡಿದೆ. 209.85 ಎಂದು ಶುರುವಾಗಿತ್ತು. ಆ ಸಾಲಿನ ನಂಬರುಗಳು ಗೂಗಲ್ ಕಂಪನಿಯವು, ಮೌಂಟನ್ ವ್ಯೂ ಅದರ ಮುಖ್ಯ ಕಚೇರಿಯ ಊರು. ಬಾಯಲ್ಲಿ ಹೇಳಿದರೆ ನಂಬುವುದಿಲ್ಲ ಅನ್ನಿಸಿ, ಅಲ್ಲೇ ಕುಳಿತು ನನ್ನ ಫೋನಿನ ಜಿಮೇಲ್‌ನಿಂದ ಅವರ ಕಚೇರಿಯ ವಿಳಾಸಕ್ಕೆ ಒಂದು ಮೇಲ್ ಕಳಿಸಿದೆ. ನಿಮಿಷದೊಳಗೆ ಅವರ ಕಂಪ್ಯೂಟರಿಗೆ ಬಂತು. ಅದರ ಹೆಡರ್, ಅಂದರೆ ಮೇಲ್ ಸಾಗಿಬಂದ ದಾರಿಯ ದಾಖಲೆ, ತೆಗೆಸಿದೆ: ಮತ್ತೆ 209.85. ಅದೇ ವೆಬ್‌ಸೈಟಿಗೆ ಹಾಕಿಸಿದೆ: ಮತ್ತೆ ಮೌಂಟನ್ ವ್ಯೂ. ನಾನು ಕುಳಿತಿದ್ದುದು ಅವರಿಂದ ನಾಲ್ಕು ಅಡಿ ದೂರದಲ್ಲಿ.

ಕಾರ್ಯದರ್ಶಿಗಳು ಬಹಳ ಹೊತ್ತು ಮಾತಾಡಲಿಲ್ಲ. ನನಗೂ ಆ ಮೌನ ಹಿತವಾಗಿರಲಿಲ್ಲ. ಆ ದಿನದಿಂದ ಇದೇ ಪ್ರಶ್ನೆಯನ್ನು ಬೇರೆ ಬೇರೆ ಜನ ನನ್ನ ಹತ್ತಿರ ತಂದಿದ್ದಾರೆ: ಐಪಿ ವಿಳಾಸದಿಂದ ಮೇಲ್ ಕಳಿಸಿದವರನ್ನು ಹಿಡಿಯಬಹುದೇ? ಉತ್ತರ ಎರಡು ತುಂಡಾಗಿದೆ. ಮೇಲ್ ಪಡೆದ ನೀವು, ನಾನು ಕುಳಿತಲ್ಲೇ ಹಿಡಿಯುವುದು ಇವತ್ತಿನ ದಿನದಲ್ಲಿ ಹೆಚ್ಚೂಕಡಿಮೆ ಆಗದ ಮಾತು. ಪೊಲೀಸರು ಕಾನೂನಿನ ಪ್ರಕಾರ ದಾಖಲೆ ತರಿಸಿಕೊಂಡರೆ ಬಹಳ ಸಲ ಆಗುತ್ತದೆ, ಆದರೆ ಆ ದಾರಿಯಲ್ಲಿ ನಾಲ್ಕೈದು ಕಡೆ ತಪ್ಪಿಬೀಳುವ ಜಾಗಗಳಿವೆ. ಅಲ್ಲಿ ತಪ್ಪಿದರೆ ಪೆಟ್ಟು ತಿನ್ನುವವರು ಯಾರೋ ಬೇರೆಯವರು.

ಠಸ್ಸೆ ಬಿದ್ದ ಲಕೋಟೆ

ಅಂಚೆಯ ಲಕೋಟೆಯನ್ನು ನೆನಪಿಸಿಕೊಳ್ಳಿ. ಹಿಂದೆ ‘ಇವರಿಂದ’ ಎಂದು ಏನು ಬೇಕಾದರೂ ಬರೆಯಬಹುದು, ಯಾರೂ ಪರೀಕ್ಷಿಸುವುದಿಲ್ಲ. ಅದನ್ನು ಸಾಗಿಸಿದ ಅಂಚೆ ಕಚೇರಿಗಳು ಮಾತ್ರ ತಮ್ಮ ಠಸ್ಸೆ ಒತ್ತುತ್ತವೆ. ಇ-ಮೇಲ್ ಕೂಡ ಇದೇ ರೀತಿ ಹುಟ್ಟಿದ್ದು. ಅದು ಸಾಗುವ ಎಸ್‌ಎಂಟಿಪಿ ಎಂಬ ನಿಯಮಾವಳಿ 1982ರದು. ಆಗ ಜಾಲದಲ್ಲಿದ್ದವರು ಬಹುತೇಕ ವಿಶ್ವವಿದ್ಯಾಲಯ, ಸಂಶೋಧನಾಲಯಗಳವರು. ಕಳಿಸಿದವರ ಹೆಸರು ನಿಜವೋ ಸುಳ್ಳೋ ಎಂದು ನೋಡುವ ವ್ಯವಸ್ಥೆಯನ್ನೇ ಅದರಲ್ಲಿ ಇಟ್ಟಿರಲಿಲ್ಲ.

ಠಸ್ಸೆಗಳು ಇರುವುದು ಹೆಡರ್‌ನಲ್ಲಿ. ಜಿಮೇಲ್ ಆದರೆ ಕಂಪ್ಯೂಟರಿನಲ್ಲಿ ಮೇಲ್ ತೆರೆದು, ಪಕ್ಕದ ಮೂರು ಚುಕ್ಕಿ ಒತ್ತಿ, ‘ಶೋ ಒರಿಜಿನಲ್’ ಆರಿಸಿಕೊಂಡರೆ ಕಾಣುತ್ತದೆ. ಫೋನಿನ ಆ್ಯಪ್‌ನಲ್ಲಿ ಕಾಣುವುದಿಲ್ಲ. ಅಲ್ಲಿ ‘ರಿಸೀವ್ಡ್’ ಎಂದು ಶುರುವಾಗುವ ಹಲವು ಸಾಲುಗಳಿರುತ್ತವೆ. ಮೇಲ್ ಹಾದುಬಂದ ಪ್ರತಿ ಸರ್ವರ್ ತನ್ನ ಸಾಲನ್ನು ಎಲ್ಲಕ್ಕೂ ಮೇಲೆ ಸೇರಿಸುತ್ತ ಹೋಗುತ್ತದೆ. ಹಾಗಾಗಿ ಪಯಣವನ್ನು ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ನಂಬಿಕೆಯ ಕ್ರಮ ಮಾತ್ರ ಇದಕ್ಕೆ ಉಲ್ಟಾ. ನಿಮ್ಮದೇ ಮೇಲ್ ಕಂಪನಿಯ ಸರ್ವರ್ ಬರೆದ ಮೇಲಿನ ಸಾಲುಗಳನ್ನು ನಂಬಬಹುದು. ಕೆಳಗಿನ ಸಾಲುಗಳನ್ನು ಮೋಸಗಾರ ಮೊದಲೇ ಕೈಯಾರೆ ಬರೆದು ಸೇರಿಸಿರಬಹುದು. ಬೇರೊಬ್ಬರ ಮೇಲೆ ಅನುಮಾನ ಬೀಳಲಿ ಎಂದು ಅವರ ಕಚೇರಿಯ ಐಪಿಯನ್ನೇ ಅಲ್ಲಿ ಬರೆದಿಡುವುದೂ ಸಾಧ್ಯ.

ಹಿಂದೆ ಒಂದು ಕಾಲವಿತ್ತು. ಹಾಟ್‌ಮೇಲ್‌ನಂಥ ಸೇವೆಗಳು ‘ಎಕ್ಸ್-ಒರಿಜಿನೇಟಿಂಗ್-ಐಪಿ’ ಎಂಬ ಸಾಲಿನಲ್ಲಿ ಕಳಿಸಿದವರ ಸಂಪರ್ಕದ ಐಪಿಯನ್ನೇ ಬರೆದುಕೊಡುತ್ತಿದ್ದವು. ‘ಹೆಡರ್ ನೋಡಿದರೆ ಊರು ಸಿಗುತ್ತದೆ’ ಎಂಬ ಮಾತು ಉಳಿದುಕೊಂಡದ್ದು ಆ ಕಾಲದಿಂದ. ಈಗ ದೊಡ್ಡ ಕಂಪನಿಗಳು ಅದನ್ನು ತೋರಿಸುವುದಿಲ್ಲ. ಜಿಮೇಲ್ ಅನ್ನು ಬ್ರೌಸರ್‌ನಲ್ಲೋ ಅದರ ಆ್ಯಪ್‌ನಲ್ಲೋ ಬಳಸಿದರೆ ಹೆಡರ್‌ನಲ್ಲಿ ಸಿಗುವುದು ಗೂಗಲ್ ಸರ್ವರಿನ ನಂಬರ್ ಮಾತ್ರ. ಹೀಗೆ ಮುಚ್ಚಿಟ್ಟದ್ದು ಸರಿಯೇ ಎಂದು ನಾನು ಹೇಳುತ್ತೇನೆ. ಇಲ್ಲದಿದ್ದರೆ ಗಂಡನ ಹೊಡೆತ ತಾಳದೆ ಮನೆಬಿಟ್ಟ ಹೆಣ್ಣುಮಗಳು ಒಂದು ಮೇಲ್ ಕಳಿಸಿದರೂ ಎಲ್ಲಿದ್ದಾಳೆಂಬ ಸುಳಿವು ಕೊಟ್ಟಂತಾಗುತ್ತಿತ್ತು. ಥಂಡರ್‌ಬರ್ಡ್‌ನಂಥ ಪ್ರತ್ಯೇಕ ಸಾಫ್ಟ್‌ವೇರ್‌ನಿಂದ ಕಳಿಸಿದಾಗ, ಕೆಲವು ಸಣ್ಣ ಕಂಪನಿಗಳ ಸ್ವಂತ ಸರ್ವರ್‌ಗಳಿಂದ ಬಂದಾಗ ಈಗಲೂ ಕಳಿಸಿದವರ ಐಪಿ ಕಾಣಬಹುದು. ಅಂಥ ಸಂದರ್ಭ ಕಡಿಮೆ.

ಒಂದು ತೂಬು, ನೂರು ಹೊಲ

ಸರಿ, ಕಳಿಸಿದವರ ಅಸಲು ಐಪಿ ಸಿಕ್ಕಿತೆಂದೇ ಇಟ್ಟುಕೊಳ್ಳೋಣ. ಅದು ಯಾರ ಮನೆಯ ಬಾಗಿಲು ತೋರಿಸುತ್ತದೆ?

ಹಳೆಯ ಮಾದರಿಯ ಐಪಿ ವಿಳಾಸಗಳು ಜಗತ್ತಿಗೆಲ್ಲ ಸೇರಿ ಸುಮಾರು 429 ಕೋಟಿ. ಜಾಗತಿಕ ದಾಸ್ತಾನು 2011ರ ಫೆಬ್ರುವರಿಯಲ್ಲೇ ಖಾಲಿಯಾಯಿತು. ಒಬ್ಬೊಬ್ಬ ಗ್ರಾಹಕನಿಗೆ ಒಂದೊಂದು ನಂಬರ್ ಕೊಡುವಷ್ಟು ಉಳಿದಿಲ್ಲ. ಅದಕ್ಕೆ ಮೊಬೈಲ್ ಕಂಪನಿಗಳು, ನಮ್ಮೂರಿನ ಕೇಬಲ್ ನೆಟ್‌ನವರು ಒಂದೇ ಹೊರಗಿನ ನಂಬರನ್ನು ಹತ್ತಾರು, ನೂರಾರು ಗ್ರಾಹಕರಿಗೆ ಹಂಚಿರುತ್ತಾರೆ. ತಾಂತ್ರಿಕ ಭಾಷೆಯಲ್ಲಿ ಇದಕ್ಕೆ ಸಿಜಿನ್ಯಾಟ್ ಎನ್ನುತ್ತಾರೆ.

ತುಂಗಭದ್ರೆಯ ಎಡದಂಡೆ ನಾಲೆಯ ನೀರು ಉಂಡವರಿಗೆ ಇದನ್ನು ಅರ್ಥಮಾಡಿಸುವುದು ಸುಲಭ. ಮುಖ್ಯ ನಾಲೆಯ ಮೇಲೆ ನಿಂತು ನೋಡಿದರೆ ಕಾಣುವುದು ತೂಬು ಮಾತ್ರ. ಆ ತೂಬಿನಿಂದ ನೂರು ಹೊಲಕ್ಕೆ ನೀರು ಹೋಗುತ್ತದೆ. ಮಂಗಳವಾರ ನಸುಕಿನ ನಾಲ್ಕು ಗಂಟೆಗೆ ಹರಿದ ನೀರು ಯಾರ ಗದ್ದೆಗೆ ಹೋಯಿತು ಎಂದು ತೂಬನ್ನು ಕೇಳಿದರೆ ಹೇಳುವುದಿಲ್ಲ. ಪಾಳಿ ಬರೆದಿಟ್ಟ ನೀರುಗಂಟಿಯನ್ನೇ ಕೇಳಬೇಕು. ಅವನು ಬರೆದಿಟ್ಟಿದ್ದರೆ ಮಾತ್ರ ಉತ್ತರ, ಅದೂ ದಿನ ಮತ್ತು ಗಳಿಗೆಯನ್ನು ಸರಿಯಾಗಿ ಹೇಳಿದರೆ ಮಾತ್ರ. ಇಂಟರ್ನೆಟ್‌ನಲ್ಲಿ ಆ ನೀರುಗಂಟಿಯ ಪುಸ್ತಕವೇ ಸೇವೆ ಕೊಡುವ ಕಂಪನಿಯ ಲಾಗ್.

ನಿಮ್ಮ ಮನೆಯ ನೆಟ್ ಹೀಗಿದೆಯೇ ಎಂದು ನೀವೇ ನೋಡಬಹುದು. ರೂಟರಿನ ಸೆಟ್ಟಿಂಗ್‌ನಲ್ಲಿ ಹೊರಗಿನ ಸಂಪರ್ಕದ ವಿಳಾಸ 100.64ರಿಂದ 100.127ರೊಳಗಿನ ಯಾವುದಾದರೂ ಸಂಖ್ಯೆಯಿಂದ ಶುರುವಾಗಿದ್ದು, ‘ನನ್ನ ಐಪಿ ಯಾವುದು’ ಎಂದು ತೋರಿಸುವ ವೆಬ್‌ಸೈಟಿನಲ್ಲಿ ಬೇರೆಯೇ ನಂಬರ್ ಬಂದರೆ, ನೀವು ಹಂಚಿಕೊಂಡ ತೂಬಿನ ನೀರು ಕುಡಿಯುತ್ತಿದ್ದೀರಿ ಎಂದೇ ಅರ್ಥ. ಆ ಸಾಲಿನ ನಂಬರುಗಳನ್ನು 2012ರಲ್ಲಿ ಈ ಹಂಚಿಕೆಗೆಂದೇ ಮೀಸಲಿಟ್ಟರು.

ಇಂಥಲ್ಲಿ ಐಪಿ ಮತ್ತು ಸಮಯ ಎರಡೇ ಸಾಲುವುದಿಲ್ಲ, ಪೋರ್ಟ್ ಸಂಖ್ಯೆಯೂ ಬೇಕು. ಒಂದೇ ಹೊರಗಿನ ನಂಬರಿನೊಳಗೆ ಯಾವ ಗ್ರಾಹಕನ ಸಂಪರ್ಕ ಯಾವುದು ಎಂದು ಬೇರ್ಪಡಿಸುವುದು ಈ ಪೋರ್ಟ್. ಸರ್ವರ್ ನಡೆಸುವವರು ಇದನ್ನೂ ಬರೆದಿಡಬೇಕೆಂದು ಆರ್‌ಎಫ್‌ಸಿ 6302 ಎಂಬ ತಾಂತ್ರಿಕ ಶಿಫಾರಸು 2011ರಲ್ಲೇ ಹೇಳಿದೆ. ಎಲ್ಲರೂ ಬರೆದಿಡುವುದಿಲ್ಲ. ಪೋರ್ಟ್ ಇಲ್ಲದೆ ಕೇಳಿದರೆ ಕಂಪನಿ ಕೊಡುವುದು ಒಂದು ಹೆಸರಿನ ಬದಲು ಉದ್ದನೆಯ ಪಟ್ಟಿ. ಹೊಸ ಮಾದರಿಯ ಐಪಿವಿ6 ವಿಳಾಸಗಳು ಹೇರಳವಾಗಿರುವುದರಿಂದ ಹೀಗೆ ಹಂಚುವ ಅಗತ್ಯವಿಲ್ಲ. ಅವು ಸಿಕ್ಕರೆ ಸಂಪರ್ಕದವರೆಗೆ ನೇರ ಹೋಗಬಹುದು.

ನಕಾಶೆಯ ವಿಷಯಕ್ಕೆ ಬಂದರೆ, ಕೊಪ್ಪಳ ಜಿಲ್ಲೆಯಲ್ಲಿ ಕುಳಿತು ಫೋನಿನಿಂದ ನೋಡಿದಾಗ ನನ್ನ ಐಪಿ ಬೆಂಗಳೂರು ಎಂದು ತೋರಿಸಿದೆ, ಹೈದರಾಬಾದ್ ಎಂದೂ ತೋರಿಸಿದೆ. ಈ ವೆಬ್‌ಸೈಟುಗಳಿಗೆ ನಿಮ್ಮ ಮನೆ ಗೊತ್ತಿರುವುದಿಲ್ಲ. ಆ ನಂಬರ್ ಯಾವ ಕಂಪನಿಯದು, ಯಾವ ಕೇಂದ್ರದಿಂದ ಹೊರಬೀಳುತ್ತದೆ ಎಂಬ ಅಂದಾಜು ಮಾತ್ರ ಅವರ ಹತ್ತಿರ ಇರುತ್ತದೆ. ಅಂದಾಜನ್ನು ಸತ್ಯವೆಂದು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಅಮೆರಿಕದ ಕ್ಯಾನ್ಸಸ್ ರಾಜ್ಯದ ಒಂದು ಹೊಲಮನೆ ಸಾಕ್ಷಿ. ಮ್ಯಾಕ್ಸ್‌ಮೈಂಡ್ ಎಂಬ ಕಂಪನಿ, ‘ಅಮೆರಿಕದಲ್ಲಿದೆ, ಎಲ್ಲಿ ಅಂತ ಗೊತ್ತಿಲ್ಲ’ ಎನ್ನುವಂಥ ಐಪಿಗಳಿಗೆಲ್ಲ ದೇಶದ ನಡುಮಧ್ಯದ ಒಂದು ಬಿಂದುವನ್ನು ಕೊಟ್ಟಿತ್ತು. ಆ ಬಿಂದು ಪಾಟ್ವಿನ್ ಎಂಬ ಊರಿನ ಹತ್ತಿರದ ಹೊಲದ ಮೇಲೆ ಬಿತ್ತು. 60 ಕೋಟಿಗೂ ಹೆಚ್ಚು ಐಪಿಗಳು ಆ ಒಂದೇ ಹೊಲವನ್ನು ತೋರಿಸುತ್ತಿದ್ದವು. ವರ್ಷಗಟ್ಟಲೆ ಪೊಲೀಸರು, ತೆರಿಗೆಯವರು, ಮೋಸಹೋದವರು ಅಲ್ಲಿಗೆ ಬಂದು ಬಾಗಿಲು ಬಡಿದರು. ಕಾರಣ ಏನೆಂದು ಮನೆಯವರಿಗೆ ತಿಳಿದದ್ದು 2016ರಲ್ಲಿ.

ಪೊಲೀಸರ ದಾರಿ

ಹಾಗಾದರೆ ಪೊಲೀಸರು ಹಿಡಿಯುವುದು ಹೇಗೆ? ಅವರು ಹೆಡರ್‌ನಿಂದ ಶುರು ಮಾಡಿದರೂ ಅಲ್ಲಿಗೇ ನಿಲ್ಲುವುದಿಲ್ಲ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 94ನೇ ಸೆಕ್ಷನ್ ಪ್ರಕಾರ ದಾಖಲೆ ಕೇಳಿ ಮೇಲ್ ಕಂಪನಿಗೆ ಬರೆಯುತ್ತಾರೆ. ಖಾತೆ ತೆರೆದಾಗಿನ ಐಪಿ, ಲಾಗಿನ್ ಆದ ಐಪಿಗಳು, ಪಾಸ್‌ವರ್ಡ್ ಮರೆತರೆ ಬೇಕೆಂದು ಕೊಟ್ಟಿದ್ದ ಮೊಬೈಲ್ ಸಂಖ್ಯೆ, ಇನ್ನೊಂದು ಮೇಲ್ ವಿಳಾಸ, ಇವೆಲ್ಲ ಕಂಪನಿಯ ಬಳಿ ಇರುತ್ತವೆ. ಆ ಐಪಿಯನ್ನು ಹಿಡಿದು ಇಂಟರ್ನೆಟ್ ಕಂಪನಿಗೆ ಇನ್ನೊಂದು ಪತ್ರ. ಭಾರತದ ದೂರಸಂಪರ್ಕ ಪರವಾನಗಿ ನಿಯಮಕ್ಕೆ 2021ರ ಡಿಸೆಂಬರಿನಲ್ಲಾದ ತಿದ್ದುಪಡಿಯಂತೆ ಇಂಥ ದಾಖಲೆಗಳನ್ನು ಕನಿಷ್ಠ ಎರಡು ವರ್ಷ ಇಡಬೇಕು. ಅಲ್ಲಿಂದ ಚಂದಾದಾರನ ಹೆಸರು ಬರುತ್ತದೆ. ಚಂದಾದಾರನಿಂದ ಮುಂದೆ ಆ ಹೊತ್ತಿಗೆ ಬಳಸಿದ ಕಂಪ್ಯೂಟರ್ ಅಥವಾ ಫೋನ್, ಅಲ್ಲಿಂದ ಅದರ ಮುಂದೆ ಕೂತಿದ್ದ ವ್ಯಕ್ತಿ. ಪ್ರತಿ ಕೊಂಡಿಗೂ ಬೇರೆ ಬೇರೆ ಪುರಾವೆ ಬೇಕು. ಎಲೆಕ್ಟ್ರಾನಿಕ್ ದಾಖಲೆ ನ್ಯಾಯಾಲಯದಲ್ಲಿ ನಿಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಹೇಳುವ ಪ್ರಮಾಣಪತ್ರವೂ ಬೇಕು. ಹಳೆಯ ಕಾಯ್ದೆಯ 65ಬಿ ಅಡಿಯಲ್ಲಿದ್ದ ಇಂಥದೇ ಪ್ರಮಾಣಪತ್ರ ಕಡ್ಡಾಯವೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಖಚಿತಪಡಿಸಿತ್ತು.

ಈ ಸರಪಳಿಯ ಒಂದು ಕೊಂಡಿ ತಪ್ಪಿದರೆ ಎಂಥ ಅನ್ಯಾಯವಾಗುತ್ತದೆ ಎಂಬುದನ್ನು ಕರ್ನಾಟಕದವರು ಮರೆಯಬಾರದು. 2007ರಲ್ಲಿ ಬೆಂಗಳೂರಿನ ಒಬ್ಬ ಸಾಫ್ಟ್‌ವೇರ್ ಎಂಜಿನಿಯರನ್ನು ಪುಣೆ ಪೊಲೀಸರು ಬಂಧಿಸಿದರು. ಆಗಿನ ಸಾಮಾಜಿಕ ಜಾಲತಾಣ ಆರ್ಕುಟ್‌ನಲ್ಲಿ ಶಿವಾಜಿ ಮಹಾರಾಜರ ಬಗ್ಗೆ ಅವಹೇಳನಕಾರಿ ಚಿತ್ರ ಹಾಕಿದ ಆರೋಪ. ಆಧಾರ, ಇಂಟರ್ನೆಟ್ ಕಂಪನಿ ಕೊಟ್ಟ ಐಪಿ ಮಾಹಿತಿ. ಆ ಮಾಹಿತಿಯೇ ತಪ್ಪಾಗಿತ್ತು. ಅದು ಗೊತ್ತಾಗಿ ಬಿಡುಗಡೆಯಾಗುವ ಹೊತ್ತಿಗೆ ಅವರು ಜೈಲಿನಲ್ಲಿ 50 ದಿನ ಕಳೆದಿದ್ದರು.

ಮರುವರ್ಷ, 2008ರ ಜುಲೈ 26ರಂದು, ಅಹಮದಾಬಾದ್ ಸ್ಫೋಟಗಳಿಗೆ ಕೆಲವೇ ನಿಮಿಷ ಮೊದಲು ಸುದ್ದಿವಾಹಿನಿಗಳಿಗೆ ಬೆದರಿಕೆಯ ಮೇಲ್ ಬಂತು. ಐಪಿ ಹಿಡಿದು ಹೋದ ತನಿಖೆ ನವಿ ಮುಂಬಯಿಯ ಸಾನ್‌ಪಾಡಾದಲ್ಲಿ ಬಾಡಿಗೆಗಿದ್ದ ಅಮೆರಿಕದ ಪ್ರಜೆಯೊಬ್ಬರ ಮನೆಗೆ ಮುಟ್ಟಿತು. ಐಪಿ ಸರಿಯೇ ಇತ್ತು, ಸಂಪರ್ಕವೂ ಅವರದೇ. ಮೇಲ್ ಕಳಿಸಿದವರು ಮಾತ್ರ ಅವರ ಭದ್ರವಿಲ್ಲದ ವೈಫೈಯನ್ನು ಹೊರಗಿನಿಂದ ಬಳಸಿಕೊಂಡಿದ್ದ ಬೇರೆಯವರು. ಆನೆಗೊಂದಿ, ಸಣಾಪುರದ ಕಡೆಯ ಹೋಂಸ್ಟೇಗಳಿಗೆ ವೈಫೈ ಹಾಕಿಕೊಡುವಾಗಲೆಲ್ಲ ನನಗೆ ಈ ಪ್ರಕರಣ ನೆನಪಾಗುತ್ತದೆ. ಗೋಡೆಯ ಮೇಲೆ ಪಾಸ್‌ವರ್ಡ್ ಅಂಟಿಸಿ, ವರ್ಷವಾದರೂ ಬದಲಿಸದೆ, ಬಂದುಹೋದ ನೂರಾರು ಜನರ ಫೋನಿನಲ್ಲಿ ಅದನ್ನು ಉಳಿಸಿರುತ್ತಾರೆ. ನಾಳೆ ಆ ಐಪಿಯಿಂದ ಯಾರಾದರೂ ಕೆಟ್ಟ ಮೇಲ್ ಕಳಿಸಿದರೆ ಪೊಲೀಸರು ಮೊದಲು ಬರುವುದು ಹೋಂಸ್ಟೇಯ ಮಾಲೀಕನ ಬಳಿಗೆ. ಸೈಬರ್ ಕೆಫೆಗಳಾದರೆ 2011ರ ನಿಯಮದಂತೆ ಗುರುತಿನ ಚೀಟಿ ನೋಡಿ, ರಿಜಿಸ್ಟರ್ ಬರೆದು, ಒಂದು ವರ್ಷ ಇಡಬೇಕು. ಹೋಂಸ್ಟೇಯವರು ಕನಿಷ್ಠ ಪಕ್ಷ ಅತಿಥಿಗಳಿಗೆ ಬೇರೆ ವೈಫೈ, ಮನೆಯವರಿಗೆ ಬೇರೆ ವೈಫೈ ಇಟ್ಟುಕೊಳ್ಳಲಿ.

ಸಮಯದ ತಪ್ಪು ಇನ್ನೂ ಸೂಕ್ಷ್ಮ. ಜಿಮೇಲ್ ಹೆಡರ್‌ನಲ್ಲಿ ಗೂಗಲ್ ಸರ್ವರುಗಳು ಬರೆಯುವ ಸಮಯ ಹೆಚ್ಚಾಗಿ ಕ್ಯಾಲಿಫೋರ್ನಿಯಾದ್ದು. ಬೆಳಿಗ್ಗೆ 10:15 ಎಂದಿದ್ದು ಪಕ್ಕದಲ್ಲಿ -0700 ಎಂದಿದ್ದರೆ ನಮ್ಮಲ್ಲಿ ಆಗ ರಾತ್ರಿ 10:45. ಈ ಹನ್ನೆರಡೂವರೆ ತಾಸಿನ ಅಂತರ ಗಮನಿಸದೆ ‘ಬೆಳಿಗ್ಗೆ 10:15ಕ್ಕೆ ಈ ಐಪಿ ಯಾರ ಬಳಿ ಇತ್ತು’ ಎಂದು ಕೇಳಿದರೆ, ಕಂಪನಿ ಪ್ರಾಮಾಣಿಕವಾಗಿಯೇ ಬೇರೊಬ್ಬ ಗ್ರಾಹಕನ ಹೆಸರು ಕೊಡುತ್ತದೆ. ದೂರು ಬರೆಯುವವರು ಸಮಯವನ್ನು ತಾವು ಲೆಕ್ಕಹಾಕಿ ಬರೆಯುವ ಬದಲು ಹೆಡರ್‌ನಲ್ಲಿ ಇದ್ದ ಹಾಗೆಯೇ, ಆ ಕೂಡು-ಕಳೆ ಗುರುತಿನ ಸಮೇತ ಬರೆಯಬೇಕು ಎಂದು ನಾನು ಹಟ ಹಿಡಿಯುವುದು ಇದಕ್ಕೇ.

ಮುಖ ಮುಚ್ಚಿಕೊಂಡವರು

ಬೆಂಗಳೂರಿನ ನಲವತ್ತಕ್ಕೂ ಹೆಚ್ಚು ಶಾಲೆಗಳಿಗೆ 2023ರ ಡಿಸೆಂಬರ್ 1ರಂದು ಬಾಂಬ್ ಬೆದರಿಕೆಯ ಮೇಲ್ ಬಂದಾಗ ಮಕ್ಕಳನ್ನು ಕರೆತರಲು ಓಡಿದ ತಂದೆತಾಯಿಗಳಲ್ಲಿ ನಮ್ಮ ಕಡೆಯಿಂದ ದುಡಿಯಲು ಹೋದವರೂ ಇದ್ದರು. ಇಂಥ ಮೇಲ್‌ಗಳು ಬಂದಾಗಲೆಲ್ಲ ಜನ ಕೇಳುವುದು ಒಂದೇ: ಇಷ್ಟು ತಂತ್ರಜ್ಞಾನ ಇದ್ದರೂ ಇನ್ನೂ ಯಾಕೆ ಹಿಡಿದಿಲ್ಲ? ನಮ್ಮ ಸಂಪರ್ಕವನ್ನು ಬೇರೊಂದು ಸರ್ವರಿನ ಮೂಲಕ ಹಾಯಿಸುವ ವಿಪಿಎನ್ ಬಳಸಿದರೆ ಮೇಲ್ ಕಂಪನಿಯ ದಾಖಲೆಯಲ್ಲಿ ಬೀಳುವುದು ವಿಪಿಎನ್ ಸರ್ವರಿನ ಐಪಿ. ಅದು ಬೇರೆ ದೇಶದಲ್ಲಿರಬಹುದು, ಅವರು ದಾಖಲೆ ಇಟ್ಟಿರುತ್ತಾರೆಂಬ ಖಾತ್ರಿಯಿಲ್ಲ. ಕೇಂದ್ರ ಸರ್ಕಾರದ ಸೈಬರ್ ಸುರಕ್ಷತೆಯ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದಲ್ಲಿ ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು ಐದು ವರ್ಷ ಇಡಬೇಕೆಂದಿತು. ಎಕ್ಸ್‌ಪ್ರೆಸ್ ವಿಪಿಎನ್, ನಾರ್ಡ್ ವಿಪಿಎನ್‌ನಂಥವು ಅದನ್ನು ಒಪ್ಪದೆ ಭಾರತದಲ್ಲಿದ್ದ ತಮ್ಮ ಸರ್ವರುಗಳನ್ನೇ ತೆಗೆದವು.

ಕರ್ನಾಟಕ ಹೈಕೋರ್ಟ್ 2025ರ ಏಪ್ರಿಲ್ 29ರಂದು ಪ್ರೋಟಾನ್ ಮೇಲ್ ಎಂಬ ಸ್ವಿಟ್ಜರ್ಲೆಂಡಿನ ಸೇವೆಯನ್ನು ದೇಶದಲ್ಲಿ ತಡೆಹಿಡಿಯಲು ಕ್ರಮ ಕೈಗೊಳ್ಳುವಂತೆ ಕೇಂದ್ರ ಸರ್ಕಾರಕ್ಕೆ ಹೇಳಿತು. ಒಂದು ಕಂಪನಿಯ ಮಹಿಳಾ ಉದ್ಯೋಗಿಗಳ ಬಗ್ಗೆ ಅಸಹ್ಯ ಮೇಲ್‌ಗಳು ಆ ಸೇವೆಯಿಂದ ಬಂದಿದ್ದವು. ಆ ಹೆಣ್ಣುಮಕ್ಕಳ ನೋವು ಸಣ್ಣದಲ್ಲ. ಆದರೆ ಒಂದು ಸೇವೆಯ ಬಾಗಿಲು ಮುಚ್ಚಿದರೆ ಕಳಿಸಿದವನ ಹೆಸರು ಸಿಗುವುದಿಲ್ಲ, ಅಂಥವನು ಮರುದಿನ ಇನ್ನೊಂದು ಸೇವೆ ಹುಡುಕಿಕೊಳ್ಳುತ್ತಾನೆ. ಅದೇ ಪ್ರೋಟಾನ್ 2021ರಲ್ಲಿ, ಸ್ವಿಸ್ ಅಧಿಕಾರಿಗಳ ಆದೇಶ ಬಂದಾಗ, ಫ್ರಾನ್ಸಿನ ಒಬ್ಬ ಹೋರಾಟಗಾರನ ಐಪಿ ದಾಖಲಿಸಿ ಕೊಟ್ಟದ್ದುಂಟು. ಅಂದರೆ ದೇಶದೇಶಗಳ ನಡುವೆ ಕಾನೂನಿನ ವಿನಂತಿ ಬೇಗ ಸಾಗುವ ವ್ಯವಸ್ಥೆ ಆಗಬೇಕು. ನಮ್ಮ ಕಡೆ ಕೆಲಸ ಆಗಬೇಕಾದದ್ದು ಅಲ್ಲಿ ಎಂದು ನನ್ನ ಅಭಿಪ್ರಾಯ.

ಇಷ್ಟಾದರೂ ಮುಖ ಮುಚ್ಚಿಕೊಂಡವರು ಸಿಕ್ಕಿಬೀಳುತ್ತಾರೆ, ಮತ್ತು ಹೆಚ್ಚಾಗಿ ಐಪಿಯಿಂದಲ್ಲದೆ ಬೇರೆ ಸುಳಿವಿನಿಂದ. 2013ರ ಡಿಸೆಂಬರಿನಲ್ಲಿ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಯ ಮೇಲ್ ಬಂತು. ಕಳಿಸಿದವನು ಗೆರಿಲ್ಲಾ ಮೇಲ್ ಎಂಬ ತಾತ್ಕಾಲಿಕ ಮೇಲ್ ಸೇವೆಯನ್ನು, ಗುರುತು ಮರೆಸುವ ಟಾರ್ ಜಾಲದ ಮೂಲಕ ಬಳಸಿದ್ದ. ಹೆಡರ್‌ನಲ್ಲಿ ಸಿಕ್ಕ ಐಪಿ ಟಾರ್‌ನದು, ಅಲ್ಲಿಗೆ ದಾರಿ ಮುಗಿದಂತೆಯೇ. ತನಿಖೆಯವರು ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಆ ಹೊತ್ತಿನಲ್ಲಿ ನಮ್ಮದೇ ಕ್ಯಾಂಪಸ್ಸಿನ ವೈಫೈಯಿಂದ ಟಾರ್ ಬಳಸಿದವರು ಯಾರು? ವಿಶ್ವವಿದ್ಯಾಲಯದ ದಾಖಲೆ ಒಬ್ಬ ವಿದ್ಯಾರ್ಥಿಯತ್ತ ಕೈ ತೋರಿಸಿತು. ಅವನು ಒಪ್ಪಿಕೊಂಡ, ಅಂದು ಪರೀಕ್ಷೆ ಇತ್ತು, ಅದು ಮುಂದೆ ಹೋಗಲಿ ಎಂದು ಕಳಿಸಿದ್ದನಂತೆ. 2025ರ ಜೂನ್‌ನಲ್ಲಿ ಅಹಮದಾಬಾದ್ ಪೊಲೀಸರು ಹಲವು ರಾಜ್ಯಗಳಿಗೆ ಬೆದರಿಕೆ ಮೇಲ್ ಕಳಿಸಿದ ಆರೋಪದಲ್ಲಿ ಚೆನ್ನೈನ ಒಬ್ಬ ಎಂಜಿನಿಯರ್‌ರನ್ನು ಬಂಧಿಸಿದರು. ವಿಪಿಎನ್ ಬಳಸಿದ್ದರೂ, ನಕಲಿ ಖಾತೆಗೂ ಅಸಲಿ ಖಾತೆಗೂ ಒಮ್ಮೆ ಒಂದೇ ಸಾಧನದಿಂದ ಲಾಗಿನ್ ಆದದ್ದು ಸುಳಿವು ಕೊಟ್ಟಿತು ಎಂದು ಪೊಲೀಸರು ಹೇಳಿದ್ದರು.

ಐಪಿ ಒಂದೇ ಸಾಕೇ ಎಂಬುದನ್ನು ನ್ಯಾಯಾಲಯಗಳೂ ನೋಡಿವೆ. ಒಂದು ಐಪಿಯ ಚಂದಾದಾರ ಎಂಬುದಷ್ಟರಿಂದಲೇ ಅವನೇ ತಪ್ಪು ಮಾಡಿದ ಎನ್ನಲಾಗದು ಎಂದು ಅಮೆರಿಕದ ಒಂಬತ್ತನೇ ಸರ್ಕ್ಯೂಟ್ ಮೇಲ್ಮನವಿ ನ್ಯಾಯಾಲಯ 2018ರಲ್ಲಿ, ಸಿನಿಮಾ ನಕಲಿನ ಒಂದು ಪ್ರಕರಣದಲ್ಲಿ ಹೇಳಿತು. ಇನ್ನೊಂದು ಕಡೆ, ಇಂಟರ್ನೆಟ್ ಕಂಪನಿಯ ನೆರವಿನಿಂದ ಕಾನೂನುಬದ್ಧವಾಗಿ ವ್ಯಕ್ತಿಯನ್ನು ಗುರುತಿಸುವ ದಾರಿ ಇರುವಲ್ಲಿ ಐಪಿಯೂ ವೈಯಕ್ತಿಕ ಮಾಹಿತಿಯೇ ಎಂದು ಯುರೋಪಿನ ನ್ಯಾಯಾಲಯ 2016ರಲ್ಲಿ ತೀರ್ಪು ಕೊಟ್ಟಿತು. ಎರಡೂ ತೀರ್ಪು ಒಂದಕ್ಕೊಂದು ವಿರುದ್ಧವಾಗಿಲ್ಲ. ತನಿಖೆಯವರ ಕೈಯಲ್ಲಿ ಅದು ಗಟ್ಟಿ ಸುಳಿವು. ಆ ಸುಳಿವಿನ ತುದಿಯಲ್ಲಿ ಮನುಷ್ಯ ಇದ್ದಾನೆಂದೇ ಅದನ್ನು ಕಾಪಾಡಬೇಕು, ಅದೇ ಕಾರಣಕ್ಕೆ ಅದೊಂದನ್ನೇ ಹಿಡಿದು ಯಾರನ್ನೂ ದೂಷಿಸಬಾರದು.

ಮೇಲ್ ಬಂದಾಗ ಕೈಯಲ್ಲಿರುವುದು

ಬೆದರಿಕೆಯೋ ಅಸಭ್ಯವೋ ಮೇಲ್ ಬಂದರೆ ಅದನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್, ಪ್ರಿಂಟ್ ಸಾಲುವುದಿಲ್ಲ. ಮಾಮೂಲಿಯಾಗಿ ಫಾರ್ವರ್ಡ್ ಮಾಡಿದರೆ ಮೂಲದ ಹೆಡರ್ ಹೋಗಿ ನಿಮ್ಮ ಹೆಡರ್ ಬರುತ್ತದೆ. ‘ಶೋ ಒರಿಜಿನಲ್’ ಪುಟದಲ್ಲೇ ಡೌನ್‌ಲೋಡ್ ಬಟನ್ ಇದೆ. ಅದರಿಂದ ಸಿಗುವ ಇಎಂಎಲ್ ಫೈಲನ್ನು ತೆಗೆದಿಡಿ, ಮೂಲ ಮೇಲ್ ಇನ್‌ಬಾಕ್ಸಿನಲ್ಲೂ ಇರಲಿ. ಜಿಲ್ಲೆಯ ಸೆನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ) ಠಾಣೆಗೋ, ಸೈಬರ್ ಅಪರಾಧದ ರಾಷ್ಟ್ರೀಯ ಪೋರ್ಟಲ್ಲಿಗೋ ಬೇಗ ದೂರು ಕೊಡಿ. ಹೆಸರು ಮುಚ್ಚಿಟ್ಟು ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 351(4)ರ ಅಡಿ ಅಪರಾಧ. ಅದಕ್ಕೆ ಬೆದರಿಕೆಯ ಶಿಕ್ಷೆಯ ಮೇಲೆ ಎರಡು ವರ್ಷದವರೆಗೆ ಹೆಚ್ಚುವರಿ ಶಿಕ್ಷೆಯಿದೆ. ತಡಮಾಡಿದಷ್ಟೂ ಲಾಗ್‌ಗಳು ಅಳಿಯುತ್ತವೆ.

ವ್ಯಾಪಾರಸ್ಥರಿಗೆ ಒಂದು ಮಾತು. ಗಂಗಾವತಿ, ಕಾರಟಗಿಯ ಅಕ್ಕಿ ಮಿಲ್ಲಿನವರಿಗೆ ಬರುವ ಅಪಾಯ ಮೂಗರ್ಜಿಯದಲ್ಲ, ‘ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಈ ಸಲದ ಹಣ ಹೊಸ ಖಾತೆಗೆ ಹಾಕಿ’ ಎನ್ನುವ ಮೇಲ್‌ನದು. ಇಂಥದಕ್ಕೆ ಐಪಿ ಹುಡುಕುತ್ತ ಕೂರಬೇಡಿ. ಅದೇ ‘ಶೋ ಒರಿಜಿನಲ್’ ಪುಟದ ಮೇಲ್ಭಾಗದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಸಾಲುಗಳಿರುತ್ತವೆ. ಆ ಕಂಪನಿಯ ಹೆಸರಿನಲ್ಲಿ ಮೇಲ್ ಕಳಿಸಲು ಆ ಸರ್ವರಿಗೆ ಅಧಿಕಾರವಿತ್ತೇ ಎಂಬುದನ್ನು ಅವು ಹೇಳುತ್ತವೆ. ‘ಫೇಲ್’ ಎಂದಿದ್ದರೆ ಎಚ್ಚರಾಗಿ. ‘ಪಾಸ್’ ಎಂದಿದ್ದರೂ ಪೂರ್ತಿ ನಂಬಬೇಡಿ. ಮೋಸಗಾರ ಆ ಕಂಪನಿಯ ಅಸಲಿ ಖಾತೆಯ ಪಾಸ್‌ವರ್ಡನ್ನೇ ಕದ್ದಿರಬಹುದು. ಎಂ ಅಕ್ಷರದ ಜಾಗದಲ್ಲಿ ಆರ್ ಮತ್ತು ಎನ್ ಜೋಡಿಸಿ, ಕಣ್ಣಿಗೆ ಒಂದೇ ಕಾಣುವ ಬೇರೆ ವಿಳಾಸವನ್ನೇ ಕೊಂಡಿರಬಹುದು. ನಿಮ್ಮ ಬಳಿ ಮೊದಲೇ ಇದ್ದ ಫೋನ್ ನಂಬರಿಗೆ ಕರೆ ಮಾಡಿ, ದನಿ ಕೇಳಿ, ಆಮೇಲೆ ಹಣ ಹಾಕಿ. ಹಣ ಹೋಗಿಬಿಟ್ಟಿದ್ದರೆ ಆ ಕ್ಷಣವೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಖಾತೆಯಿಂದ ಖಾತೆಗೆ ಸರಿಯುವ ಮೊದಲು ಅದನ್ನು ತಡೆಯಲು ಸಾಧ್ಯವಿರುವುದು ಮೊದಲ ಕೆಲವು ತಾಸುಗಳಲ್ಲಿ.

ಇನ್ನು ಕಚೇರಿ, ಸಂಘಸಂಸ್ಥೆಗಳ ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಮೂಗರ್ಜಿ ಬಂದಾಗ ‘ಕಳಿಸಿದವರು ಯಾರು’ ಎಂಬ ಪ್ರಶ್ನೆಯೇ ಎಲ್ಲಕ್ಕಿಂತ ಮೊದಲು ಏಳುತ್ತದೆ. ದ್ವೇಷದಿಂದ ಬರೆಯುವವರು ಇದ್ದಾರೆ, ನಿಜ. ಹೆಸರು ಹೇಳಿದರೆ ಕೆಲಸ ಹೋಗುತ್ತದೆಂಬ ಭಯಕ್ಕೆ ಹೆಸರಿಲ್ಲದೆ ಬರೆದ ಗುಮಾಸ್ತ, ಮೇಲಿನವರ ಕಿರುಕುಳ ಹೇಳಿಕೊಳ್ಳಲು ಬೇರೆ ದಾರಿ ಕಾಣದ ಶಿಕ್ಷಕಿ ಕೂಡ ಇದ್ದಾರೆ. ಬರೆದದ್ದರಲ್ಲಿ ಪರಿಶೀಲಿಸಬಹುದಾದ ಸಂಗತಿ ಇದ್ದರೆ ಅದನ್ನು ಪರಿಶೀಲಿಸಿ. ಬರೀ ಬೈಗುಳವಾದರೆ ಬದಿಗಿಡಿ. ಬೆದರಿಕೆಯಾದರೆ ಪೊಲೀಸರಿಗೆ ಕೊಡಿ. ನಕಾಶೆಯ ಗುರುತು ನೋಡಿ ಯಾರದೋ ಹೆಸರನ್ನು ಸಭೆಯಲ್ಲಿ ಹೇಳಿದರೆ ನ್ಯಾಯ ಸಂಹಿತೆಯ ಮಾನಹಾನಿಯ 356ನೇ ಸೆಕ್ಷನ್ ಹೇಳಿದವರ ಮೇಲೆಯೇ ಬರಬಹುದು.

ಆ ಸಂಸ್ಥೆಯ ಮೇಲ್ ಯಾರು ಕಳಿಸಿದ್ದೆಂದು ಇವತ್ತಿಗೂ ಗೊತ್ತಾಗಿಲ್ಲ. ಪ್ರಿಂಟ್ ತೆಗೆದುಕೊಂಡ ಮೇಲೆ ಮೂಲ ಮೇಲನ್ನು ಯಾರೋ ಅಳಿಸಿದ್ದರು. ಪೊಲೀಸರಿಗೆ ಕೊಡಲು ಉಳಿದದ್ದು ಎರಡು ಕಾಗದ ಮಾತ್ರ. 209.85 ಎಂಬುದು ಗೂಗಲ್‌ನ ನಂಬರ್, ಇದರಿಂದ ಕಳಿಸಿದವರ ಊರು ತಿಳಿಯುವುದಿಲ್ಲ ಎಂದು ನಾನು ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿ ಕೊಟ್ಟೆ. ಕಾರ್ಯದರ್ಶಿಗಳು ಅದನ್ನು ಸಭೆಯಲ್ಲಿ ಓದಿದರಂತೆ.

ಮಾಸ್ತರ ಮನೆಗೂ ಹೋಗಿ ಒಂದು ಪ್ರತಿ ಕೊಟ್ಟೆ. ಕನ್ನಡಕ ಹಾಕಿಕೊಂಡು ಎರಡು ಸಲ ಓದಿದರು. “ತಮ್ಮಾ, ಇದರಾಗ ನಾನು ಮಾಡಿಲ್ಲ ಅಂತ ಎಲ್ಲೂ ಬರದಿಲ್ಲಲ್ಲೋ,” ಎಂದರು.

“ಅದನ್ನ ಈ ನಂಬರಿಂದ ಹೇಳಾಕ ಬರಂಗಿಲ್ರಿ ಸರ. ಮಾಡೀರಿ ಅಂತನೂ ಹೇಳಾಕ ಬರಂಗಿಲ್ಲ.”

ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಹಾಳೆಯನ್ನು ಮಡಿಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು, ಬಸ್ ಸ್ಟ್ಯಾಂಡಿನ ಹತ್ತಿರ ಹತ್ತು ಜೆರಾಕ್ಸ್ ಮಾಡಿಸಬೇಕೆಂದು ಚಪ್ಪಲಿ ಮೆಟ್ಟಿ ಹೊರಟರು.